ಅಜ್ಜಿಯ ತಟ್ಟೆ

ಮನೆಯಿಂದ
ಹದಿನಾಲ್ಕನೇ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ಅತ್ತೆಗೆ ನಮಸ್ಕಾರ.

ಮಂಡಿನೋವು ಹೇಗಿದೆ? ಮೈದುನನ ಮನೆಯ ಮೆಟ್ಟಿಲುಗಳನ್ನು ದಿನಕ್ಕೆ ಹತ್ತು ಸಲ ಹತ್ತಿ ಇಳಿಯಬೇಡಿ. ಬಾಣಂತಿ, ಕೂಸು ಇಬ್ಬರೂ ಆರಾಮವೆಂದು ನಿಮ್ಮ ಮಗ ಹೇಳಿದರು. ನಾವೂ ಚೆನ್ನಾಗಿದ್ದೇವೆ, ನಮ್ಮ ಪುಟ್ಟಿ ಗುಬ್ಬಿಯ ಊಟವೊಂದನ್ನು ಬಿಟ್ಟು.

ನೀವು ಹೊರಟ ಮರುದಿನದಿಂದ ನಿಮ್ಮ ನಾಲ್ಕು ವರ್ಷದ ಮೊಮ್ಮಗಳು ಬಾಯಿಗೆ ಬೀಗ ಹಾಕಿಕೊಂಡಿದ್ದಾಳೆ. ಬಿಸ್ಕತ್ತು ಕಂಡರೆ ಮಾತ್ರ ತೆಗೆಯುತ್ತಾಳೆ. ನಾನೇನು ಕಡಿಮೆ ಮಾಡಿದೆನೇ? ಕ್ಯಾರೆಟ್ಟನ್ನು ನಕ್ಷತ್ರದ ಹಾಗೆ ಕತ್ತರಿಸಿದೆ. ಫ್ರಿಜ್ ಬಾಗಿಲಿಗೆ ಪಟ್ಟಿ ಅಂಟಿಸಿ, ತಿಂದ ತರಕಾರಿಗೆ ಒಂದೊಂದು ಸ್ಟಿಕರ್ ಎಂದೆ. ಅವಳು ಸ್ಟಿಕರ್ ಕಿತ್ತು ಬೆಕ್ಕಿನ ಹಣೆಗೆ ಹಚ್ಚಿದಳು. ಮೂರು ವಾರದಲ್ಲಿ ಅರ್ಧ ಕಿಲೋ ಇಳಿದಿದ್ದಾಳೆ. ನಮ್ಮ ಕ್ಲಿನಿಕ್ಕಿನ ತಕ್ಕಡಿಯಲ್ಲಿ ತೂಗಿದವಳು ನಾನೇ. ಅದೇ ತಕ್ಕಡಿಯ ಪಕ್ಕ ಕೂತು, ಮಕ್ಕಳಿಗೆ ಏನು ತಿನ್ನಿಸಬೇಕೆಂದು ತಾಯಂದಿರಿಗೆ ಪಾಠ ಹೇಳುವ ನರ್ಸಮ್ಮ ನಾನು. ದೀಪದ ಬುಡದಲ್ಲೇ ಕತ್ತಲೆ.

ಮುಚ್ಚುಮರೆ ಏಕೆ, ನನಗೆ ನಿಮ್ಮ ಮೇಲೆ ಹೊಟ್ಟೆಕಿಚ್ಚು. ಅದೇ ಬೀನ್ಸು, ಅದೇ ಸಿಹಿಗುಂಬಳ, ಬೇಯಿಸುತ್ತಿದ್ದವಳೂ ನಾನೇ. ನಿಮ್ಮ ಪಕ್ಕ ಕೂತರೆ ಕಮಕ್ ಕಿಮಕ್ ಎನ್ನದೆ ತಿನ್ನುತ್ತಿದ್ದಳು. "ಮಗು ತಾನಾಗೇ ತಿನ್ನುತ್ತಮ್ಮಾ, ನೀನು ಸುಮ್ನಿರು" ಎಂದು ನಗುತ್ತಿದ್ದಿರಲ್ಲ, ಆ ನಗು ನೆನೆದರೆ ಈಗಲೂ ಮೈ ಉರಿಯುತ್ತದೆ. ಪಕ್ಕದ ಮನೆಯಾಕೆ ನಿಮ್ಮ ಕೈಗುಣ ಹೊಗಳಿದ ದಿನ ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ತೊಳೆದಿದ್ದೆ.

ನಿನ್ನೆ ಸೋತು ಅವಳನ್ನೇ ಕೇಳಿದೆ, ಅಜ್ಜಿ ಕೊಟ್ಟರೆ ತಿಂತೀಯ, ನಾನು ಕೊಟ್ಟರೆ ಯಾಕಿಲ್ಲ ಎಂದು. "ಅಜ್ಜಿ ಕೊಡಲ್ಲ. ಅಜ್ಜಿ ತಟ್ಟೇಲಿ ನಾನೇ ತಗೋತೀನಿ. ನೀನು ಊಟಾನೇ ಮಾಡಲ್ಲ, ಬರೀ ನನ್ನ ಬಾಯಿ ನೋಡ್ತೀಯ" ಎಂದಳು. ನಿಜ ಅತ್ತೆ. ಚಮಚ ಹಿಡಿದು ಕಾವಲು ನಿಲ್ಲುತ್ತೇನೆ, ಆಮೇಲೆ ಒಲೆಯ ಪಕ್ಕ ನಿಂತೇ ಎರಡು ತುತ್ತು ನುಂಗುತ್ತೇನೆ. ಮಕ್ಕಳ ಜೊತೆ ಕೂತು ಉಣ್ಣಿ ಎಂಬುದು ನನ್ನ ಪಾಠದ ಮೊದಲನೇ ಸಾಲು.

ಬಾಣಂತಿಗೆ ನನ್ನ ಪ್ರೀತಿ ತಿಳಿಸಿ, ಕೂಸಿಗೊಂದು ಮುತ್ತು. ನೀವೂ ಹೊತ್ತಿಗೆ ಸರಿಯಾಗಿ ಮಲಗಿ.

ನಿಮ್ಮ ಹಿರಿಯ ಸೊಸೆ

ಇನ್ನೊಂದು ಮಾತು: ಇವತ್ತು ಅವಳೆದುರು ಕೂತು, ನನ್ನ ತಟ್ಟೆಗೆ ಬಡಿಸಿಕೊಂಡು ತಿಂದೆ. ಅವಳ ಕಡೆ ನೋಡಲಿಲ್ಲ. ಸಿಹಿಗುಂಬಳದ ಒಂದು ಹೋಳು ಕಾಣೆಯಾಯಿತು. ಒಂದೇ. ಮುಂದಿನ ವಾರ ಬರುತ್ತೇನೆ ಎಂದಿದ್ದೀರಂತೆ. ಕೈ ಮುಗಿಯುತ್ತೇನೆ ಅತ್ತೆ, ಇನ್ನೊಂದು ತಿಂಗಳು ಅಲ್ಲೇ ಇರಿ. ನೀವು ಬಂದು ಕೂತರೆ ಅವಳು ನನ್ನ ತಟ್ಟೆಗೆ ಕೈ ಹಾಕುವುದಿಲ್ಲ.