ಹಿಟ್ಟು ನಾದುವ ಯಂತ್ರಕ್ಕಾಗಿ

ಸ್ಯಾಗಿನಾ, ಮಿಷಿಗನ್
ಅಕ್ಟೋಬರ್ 12

ಪ್ರೀತಿಯ ಲವೋನ್ ಅಕ್ಕ,

ನಿನ್ನ ಮಂಡಿನೋವು ಇಳಿದಿದೆ ಎಂದುಕೊಂಡಿದ್ದೇನೆ. ನಮ್ಮ ಬ್ರೆಡ್ ಕಾರ್ಖಾನೆಯ ಸುದ್ದಿ ಬೇರೆ ಯಾರಿಂದಲೋ ನಿನಗೆ ಮುಟ್ಟುವ ಮೊದಲು ನಾನೇ ಬರೆಯಬೇಕು.

ಚರ್ಚಿನಲ್ಲಿ ನನ್ನ ಪಕ್ಕ ನಿಂತು ಹಾಡುವ, ಕಾರ್ಖಾನೆಯಲ್ಲಿ ಬನ್ ಜೋಡಿಸುವ ಸಾಲಿನಲ್ಲಿರುವ ವರ್ಲೀನ್ ನೆನಪಿದ್ದಾಳಲ್ಲ? ಕಳೆದ ಕ್ರಿಸ್‌ಮಸ್‌ಗೆ ಮುಂಚೆ ಹಿಟ್ಟು ನಾದುವ ಯಂತ್ರದ ಕೆಲಸ ಖಾಲಿಯಾಯಿತು. ಕೆಲಸ ಬೇಕೆಂದು ಸೂಚನಾ ಫಲಕದಲ್ಲಿ ಹೆಸರು ಬರೆದವರ ಪೈಕಿ ಹಳಬರಿಗೇ ಕೆಲಸ ಎಂಬುದು ನಮ್ಮಲ್ಲಿನ ಪದ್ಧತಿ. ಬರೆದವರಲ್ಲಿ ವರ್ಲೀನೇ ಎಲ್ಲರಿಗಿಂತ ಹಳಬಳು. ಕೆಲಸ ಮಾತ್ರ ನಿನ್ನೆ ಮೊನ್ನೆ ಸೇರಿದವನಿಗೆ ಹೋಯಿತು.

“ಅದು ಗಂಡಸ್ರ ಕೆಲ್ಸ ಕಣಮ್ಮಾ. ನೀವು ಬನ್ ಜೋಡಿಸ್ಕೊಂಡಿರಿ” ಎಂದ ಮೇಲ್ವಿಚಾರಕ.

“ಹಿಟ್ಟಿನ ಚೀಲ ಎತ್ತೋದು ಕ್ರೇನು. ಅದೇನು ಗಂಡ್ಸಾ?” ಎಂದಳು ವರ್ಲೀನ್.

ಆಮೇಲೆ ನಾವೆಲ್ಲ ಮಾಡುವ ತಪ್ಪನ್ನೇ ಅವಳೂ ಮಾಡಿದಳು. ಕಾರ್ಮಿಕ ಸಂಘಕ್ಕೆ ದೂರು ಕೊಟ್ಟು ಕಾದಳು. ಸಂಘದ ವಿಚಾರಣೆ ಮುಗಿಯುವ ತನಕ ಸರ್ಕಾರಕ್ಕೆ ದೂರು ಕೊಡುವ ಗಡುವೂ ನಿಂತಿರುತ್ತದೆ ಎಂದು ನಂಬಿದ್ದೆವು. ಅದು ನಿಲ್ಲುವುದಿಲ್ಲವಂತೆ. ಸಂಘ ಕೈಚೆಲ್ಲಿದ ಮೇಲೆ ರಾಜ್ಯದ ನಾಗರಿಕ ಹಕ್ಕು ಕಚೇರಿಗೆ ಫೋನು ಮಾಡಿದರೆ, ಅಲ್ಲಿನ ಆರು ತಿಂಗಳ ಗಡುವು ಆಗಲೇ ದಾಟಿತ್ತು. ನಾನಾಗಿದ್ದರೆ ಅತ್ತು ಮಲಗುತ್ತಿದ್ದೆ. ಅವಳು ಕೇಳಿದ್ದು ಒಂದೇ: “ರಾಜ್ಯದ ಬಾಗಿಲು ಮುಚ್ತು, ಸರಿ. ಕೇಂದ್ರದ್ದು?” ಕೇಂದ್ರದ ಕಾನೂನಿನಲ್ಲಿ ಹತ್ತು ತಿಂಗಳ ಹತ್ತಿರ ಅವಕಾಶವಿತ್ತು. ಉಳಿದಿದ್ದದ್ದು ಕೆಲವೇ ದಿನ.

ಗುರುವಾರ ಡೆಟ್ರಾಯಿಟ್‌ನಲ್ಲಿರುವ ಕೇಂದ್ರದ ಕಚೇರಿಗೆ ಹೋದೆವು. ಕಾರು ಓಡಿಸಿದ್ದು ನಾನು. ಅಧಿಕಾರಿಯ ಮುಂದೆ ಅವಳು ನಡೆದಷ್ಟನ್ನೇ ಹೇಳಿದಳು, ಒಂದು ಮಾತೂ ಬೆಳೆಸಲಿಲ್ಲ. ಗಂಡಸರ ಕೆಲಸ ಎಂದದ್ದನ್ನು ಇನ್ಯಾರು ಕೇಳಿಸಿಕೊಂಡರು ಎಂದು ಅವರು ಕೇಳಿದಾಗ ಮಾತ್ರ ತಕ್ಷಣ ಹೆಸರು ಹೇಳಲಿಲ್ಲ. ಸಾಕ್ಷಿ ತಾನಾಗಿ ಒಪ್ಪಿದ ಮೇಲಷ್ಟೇ ಹೆಸರು ಬರೆಸಿದಳು. ಗಡುವಿನೊಳಗೆ ದೂರು ದಾಖಲಾಯಿತು.

ವಾಪಸು ಬರುವಾಗ, ಆ ಮೇಲ್ವಿಚಾರಕನ ಮೇಲೆ ಸಿಟ್ಟಿಲ್ಲವೇ ಎಂದು ಕೇಳಿದೆ.

“ಇದೆ. ಆದ್ರೆ ನಂಗೆ ಬೇಕಿರೋದು ಆ ಯಂತ್ರ ಕಣೇ, ಅವನ ತಲೆ ಅಲ್ಲ.”

ಮರುದಿನ ಬನ್ ಸಾಲಿನಲ್ಲಿ ಎಂದಿನಂತೆ ನಿಂತಿದ್ದಳು. ಒಲೆಯ ಕಡೆಯಿಂದ ಮುದುಕ ರೂಫಸ್ ಕೂಗಿದ: “ಏನವ್ವಾ ವರ್ಲೀನ್, ನಾದೋಕೆ ಯಾವಾಗ ಬರ್ತೀಯಾ? ಈ ಹೊಸಬನ ಹಿಟ್ಟು ಉಬ್ತಾನೇ ಇಲ್ಲ!” ಇಡೀ ಸಾಲು ನಕ್ಕಿತು. ತೀರ್ಪಿಗೆ ತಿಂಗಳುಗಟ್ಟಲೆ ಬೇಕಂತೆ. ಅವಳು ಕಾಯುತ್ತಾಳೆ.

ನಿನ್ನ ತಂಗಿ,
ಇಮೋಜೀನ್

ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ: ಆ ಮೇಲ್ವಿಚಾರಕ ನಿನ್ನ ಮಗ ಡೆಸ್ಮಂಡ್. ಸಾಕ್ಷಿ ನಾನು. ಮುಂದಿನ ತಿಂಗಳು ನಿನ್ನ ಮನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ಗೆಣಸಿನ ಸಿಹಿ ಪೈ ಮಾಡಿ ತರಲೇ, ಬೇಡವೇ, ನೀನೇ ಹೇಳು.