ಮಗ್ಗಕ್ಕೆ ಎರಡು ಅಂಕ

ಬಾಗಲಕೋಟೆ
೯ ಜುಲೈ ೨೦೨೪

ಪ್ರೀತಿಯ ಶ್ರುತಿ,

ಇಳಕಲ್ಲಿನ ಮಕ್ಕಳ ಸಮೀಕ್ಷೆಯಲ್ಲಿ ಮಾಡಿದ ತಪ್ಪನ್ನು ನೀನೇ ಬರೆದು ತಿಳಿಸಿದ್ದೀ. ಹೀಗಾಗಿ ಬೈಯುವ ಹಕ್ಕಿನಲ್ಲಿ ಅರ್ಧ ನನ್ನ ಕೈತಪ್ಪಿದೆ. ಉಳಿದರ್ಧವನ್ನು ಬಳಸುತ್ತೇನೆ.

ನೇಕಾರರ ಓಣಿಯ ಮಾಯವ್ವನ ಮನೆಯಲ್ಲಿ ಕುಣಿಮಗ್ಗವಿದ್ದರೂ ನೀನು ನಮೂನೆಯಲ್ಲಿ 'ಮಗ್ಗವಿಲ್ಲ' ಎಂದು ತುಂಬಿದೆ. ಮಗ್ಗವನ್ನು ಆಸ್ತಿಯೆಂದು ಎಣಿಸಿ ಎರಡು ಅಂಕ ಕೊಟ್ಟರೆ ಆ ಮನೆ ಉಳ್ಳವರ ಸಾಲಿಗೆ ಸೇರುತ್ತದೆ, ಎರಡು ವರ್ಷದ ಮೊಮ್ಮಗಳು ಮಹಾನಂದಾಳಿಗೆ ಶಿಶುಕೇಂದ್ರದಲ್ಲಿ ಜಾಗ ತಪ್ಪುತ್ತದೆ ಎಂಬ ಸಂಕಟ ನಿನ್ನದು. ಆದರೆ ಪರಿಶೀಲನೆಗೆ ಬರುವವರಿಗೆ ಮಗ್ಗದ ಸದ್ದು ಬೀದಿಯಲ್ಲೇ ಕೇಳಿಸುತ್ತದೆ, ಮಗಳೇ. ಒಂದು ಸುಳ್ಳು ಸಿಕ್ಕರೆ ಆ ಕೂಸಿನ ಹೆಸರನ್ನು ಮತ್ತೆ ಯಾರೂ ಓದುವುದಿಲ್ಲ.

ನಿನ್ನೆ ಹುನಗುಂದದಲ್ಲಿ ಬಸ್ಸು ಬದಲಿಸಿ ನಾನೇ ಆ ಮನೆಗೆ ಹೋಗಿದ್ದೆ. ಸೊಸೆ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದಳು. ಮಾಯವ್ವ ಪಕ್ಕದಲ್ಲಿ ನೂಲು ಸುತ್ತುತ್ತಿದ್ದಳು. ಕೂಸಿನ ಸೊಂಟಕ್ಕೆ ಹಳೆಯ ಸೀರೆಯ ಅಂಚು ಕಟ್ಟಿ, ಅದರ ತುದಿಯನ್ನು ಕಂಬಕ್ಕೆ ಬಿಗಿದಿದ್ದರು. ಏಕೆಂದು ಕೇಳಿದೆ.

"ಬಿಟ್ಟರ ಕುಣಿಯಾಗ ಬೀಳತೈತ್ರಿ ಸರ. ನೀವ ಬಂದು ಹಿಡಕೊಂಡು ಕುಂದರ್ತೀರೇನು? ಚಾ ನಾ ಕೊಡತೇನಿ," ಎಂದು ಮಾಯವ್ವ ನಕ್ಕಳು. ಮಗ್ಗ ಯಾರದೆಂದಾಗ, "ಮಗ್ಗ ಸಾವಕಾರ್ರದು, ಸೊಂಟನೋವಷ್ಟ ನಮ್ಮದು" ಅಂದಳು.

ಗಂಟು ಬಿಚ್ಚಿ ಮಹಾನಂದಾಳ ಬೆರಳು ಹಿಡಿದೆ. ನಾಲ್ಕು ಹೆಜ್ಜೆ ಇಟ್ಟು ಕುಳಿತುಬಿಟ್ಟಳು. ಮುಂಜಾನೆ ಎಂಟರಿಂದ ಸಂಜೆ ಐದರವರೆಗೆ ಅವಳ ಲೋಕ ಆ ಸೀರೆಯಂಚಿನಷ್ಟೇ ಉದ್ದ. ಕಟ್ಟಿದ್ದು ಪ್ರೀತಿಯ ಕೈಯೇ. ಅದರಲ್ಲಿ ನನಗೆ ಅನುಮಾನವಿಲ್ಲ.

ಆದ್ದರಿಂದ ನಮೂನೆಯನ್ನು ತಿದ್ದು. ಮಗ್ಗವಿದೆ, ಒಡೆಯರು ಬೇರೆ, ಮಗು ದಿನಕ್ಕೆ ಒಂಬತ್ತು ತಾಸು ಕಂಬದ ಬಳಿ ಎಂದು ಬರೆ. ಅದಕ್ಕೆ ಅಂಕಣವಿಲ್ಲ, ಚೀಟಿ ಅಂಟಿಸು. ಅದೇ ಓಣಿಯ ಉಳಿದ ಮಗ್ಗದ ಮನೆಗಳಲ್ಲೂ ಕೇಳು. ಮನೆಯಲ್ಲಿ ಏನೇನಿದೆ ಎಂದು ಕೇಳಿ ಎದ್ದುಬಿಡಬೇಡ. ಕೂಸು ಹಗಲನ್ನು ಹೇಗೆ ಕಳೆಯುತ್ತದೆಂದು ನೋಡುವವರೆಗೂ ಕುಳಿತಿರು. ಶುಕ್ರವಾರ ಶಿಶುಕೇಂದ್ರದ ಪಟ್ಟಿ ಮುಚ್ಚುತ್ತದೆ. ನಿನ್ನಿಂದ ಇದು ಆದೀತೆಂಬ ನಂಬಿಕೆ ನನಗಿದೆ.

ನಿನ್ನ ಏಳಿಗೆಯನ್ನೇ ಹಾರೈಸುವ
ದತ್ತಾತ್ರೇಯ

ಮತ್ತೊಂದು ಮಾತು: ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಹತ್ತು ವರ್ಷದ ಹಿಂದೆ ಆ ನಮೂನೆಯ ಸಮಿತಿಯಲ್ಲಿ ಮಗ್ಗಕ್ಕೆ ಎರಡು ಅಂಕ ಇರಲೇಬೇಕೆಂದು ಹಠ ಹಿಡಿದವನು ನಾನೇ. ಅದುವರೆಗೆ ಒಂದು ಮಗ್ಗದ ಮನೆಯಲ್ಲೂ ನಾನು ಕುಳಿತಿರಲಿಲ್ಲ. ಇಂದು ಕಚೇರಿಗೆ ಹೋಗಿ ಹಾಗೆಂದೇ ಬರೆದುಕೊಟ್ಟೆ. ಚೀಟಿಗಳನ್ನು ನೋಡಿ ಆ ಎರಡು ಅಂಕದ ವಿಷಯ ತೀರ್ಮಾನಿಸುವುದಾಗಿ ಅಧಿಕಾರಿ ಒಪ್ಪಿದ್ದಾರೆ. ಪ್ರತಿ ಚೀಟಿಯಲ್ಲೂ ನಿನ್ನ ಸಹಿಯ ಪಕ್ಕ ನನಗೂ ಜಾಗ ಬಿಡು.