ಪೇಸ್ಟ್ ಒಣಗುವವರೆಗೆ

ಚಾಮರಾಜಪೇಟೆ
18-9-1997

ಮೈತ್ರೇಯಿಯ ಅಪ್ಪನಿಗೆ, ಚೂಡಾಮಣಿಯ ನಮಸ್ಕಾರ.

ಕಾರಿಗೆ ಹಗ್ಗ ಕಟ್ಟಿ ಕುಮಾರ ಪಾರ್ಕಿನ ಅಕ್ಕನ ಮನೆಗೆ ಎಳೆಸಿಕೊಂಡು ಹೋಗುತ್ತೀರಂತೆ. ನಿಮ್ಮ ಅಕ್ಕ ಜಾನಕಮ್ಮನವರು ಫೋನಿನಲ್ಲಿ ಹೇಳಿದರು. ನೀವು ಮನೆ ಬಿಟ್ಟು ಅಕ್ಕನ ಮನೆ ಸೇರಿ ವರ್ಷವಾಗುತ್ತ ಬಂತು. ಇಷ್ಟು ದಿನ ನಮ್ಮ ಗೇಟು ದಾಟಿದ್ದರೆ ಅದು ಆ ಹಳೆಯ ಮಾರಿಸ್ ಕಾರು ನೋಡುವುದಕ್ಕೆ. ಅದೂ ಹೋದರೆ ನೀವು ಇತ್ತ ಬರುವುದಿಲ್ಲವೆಂದು ನನಗೆ ಗೊತ್ತು. ಆದರೂ ಹಗ್ಗ ಬೇಕಿಲ್ಲ. ಎಂಜಿನ್ ನಾನೇ ಬಿಚ್ಚಿ ಕಟ್ಟಿದ್ದೇನೆ.

ನಗಬೇಡಿ. ಮದುವೆಯಾದಾಗಿನಿಂದ ಸ್ಪ್ಯಾನರ್ ಎತ್ತಿಕೊಟ್ಟವಳು ನಾನು. ಸಿಲಿಂಡರ್ ಹೆಡ್ಡನ್ನು ಹಿಡಿದಿಡುವ ಸ್ಟಡ್ಡುಗಳ ಕೆಳತುದಿ ನೀರಿನ ದಾರಿಗೇ ಇಳಿದಿರುತ್ತದೆ, ಥ್ರೆಡ್ಡಿಗೆ ಪೇಸ್ಟ್ ಹಚ್ಚಿ ಒಣಗಲು ಬಿಡದಿದ್ದರೆ ನೀರು ಅದರ ಗುಂಟ ಮೇಲಕ್ಕೆ ಹತ್ತುತ್ತದೆ ಎಂದು ಹೇಳಿಕೊಟ್ಟವರು ನೀವೇ. ಆದರೂ ಪ್ರತಿ ಆಯುಧಪೂಜೆಗೂ ಅದೇ ಕಥೆ. ರಾಹುಕಾಲಕ್ಕೆ ಮುಂಚೆ ಸ್ಟಾರ್ಟ್ ಆಗಬೇಕೆಂದು ನಿಮ್ಮ ಅಮ್ಮ ಅವಸರ ಮಾಡುವುದು, ಹಸಿ ಪೇಸ್ಟಿನ ಮೇಲೇ ನೀವು ನಟ್ಟು ಬಿಗಿಯುವುದು, ಚಕ್ರದ ಕೆಳಗಿನ ನಿಂಬೆಹಣ್ಣು ಅಪ್ಪಚ್ಚಿಯಾಗುವ ಮೊದಲೇ ರಂಗೋಲಿಯ ಮೇಲೆ ನೀರು. ಹೋದ ವರ್ಷ ನೆಂಟರೆದುರಿಗೆ ನಾನು ನಕ್ಕುಬಿಟ್ಟೆ. ನೀವು ಸಂಜೆಯೇ ಹೊರಟಿರಿ. ಅತ್ತೆ ಮಾತ್ರ ನನ್ನ ಜೊತೆಯೇ ಉಳಿದರು.

ಈ ಸಲ ತೂತುಗಳ ತುಕ್ಕು ಕೆರೆದು, ಥ್ರೆಡ್ ಒರೆಸಿ, ಪೇಸ್ಟ್ ಹಚ್ಚಿ ಇಡೀ ದಿನ ಹಾಗೇ ಬಿಟ್ಟೆ. ಅತ್ತೆ ಷೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ನಾನು ಗಡಿಯಾರದ ಕಡೆ ನೋಡಿದ್ದಕ್ಕೆ, ಒಣಗ್ಲಿ ಬಿಡಮ್ಮ, ರಾಹುಕಾಲ ನಾಳೆನೂ ಬರತ್ತೆ ಅಂದರು. ನನಗೆ ಅಳು ಬಂತು. ಈ ಮಾತನ್ನು ಹೋದ ವರ್ಷವೇ ಹೇಳಬಾರದಿತ್ತೆ?

ಮೊನ್ನೆ ಸ್ಟಾರ್ಟ್ ಮಾಡಿದೆ. ಟಾರ್ಚ್ ಹಿಡಿದು ಒಂದೊಂದೇ ನಟ್ಟಿನ ಸುತ್ತ ನೋಡಿದೆ. ಒಂದು ಹನಿಯೂ ಇಲ್ಲ. ಖುಷಿಯಾಗಬೇಕಿತ್ತು, ಆಗಲಿಲ್ಲ. ಸೋರುತ್ತಿದ್ದರೆ ನೀವು ಬರುತ್ತಿದ್ದಿರಿ. ಆದರೆ ಸೋರುವ ಎಂಜಿನ್ ಇಟ್ಟುಕೊಂಡು ಗಂಡನ ದಾರಿ ನೋಡುವುದು ನನಗೆ ಸಾಕಾಗಿದೆ. ಮೈಯೂ ಸೋತಿದೆ, ಮನಸ್ಸೂ ಸೋತಿದೆ. ಭಾನುವಾರ ಬಂದು ನೀವೇ ಓಡಿಸಿಕೊಂಡು ಹೋಗಿ. ಬೀಗದ ಕೈ ಅತ್ತೆಯ ಹತ್ತಿರ ಇದೆ.

ಇಂತಿ,
ಚೂಡಾಮಣಿ

ತಾ.ಕ.: ಎಂಜಿನ್ ಮೊದಲ ಸಲ ಬಿಸಿಯಾಗಿ ತಣ್ಣಗಾದ ಮೇಲೆ ನಟ್ಟುಗಳನ್ನು ಇನ್ನೊಮ್ಮೆ ಬಿಗಿಯಬೇಕಲ್ಲ, ಅದೊಂದನ್ನು ಮಾಡಿಲ್ಲ. ಬಾರದೆ ಅಲ್ಲ, ನಿಮಗಾಗಿ ಬಿಟ್ಟಿದ್ದೇನೆ. ಭಾನುವಾರ ಸಂಜೆಯ ಕಾಫಿಯವರೆಗೆ ನೋಡುತ್ತೇನೆ. ಬರದಿದ್ದರೆ ಅದನ್ನೂ ನಾನೇ ಬಿಗಿದು, ಕಾರು ತಂದು ನಿಮ್ಮ ಅಕ್ಕನ ಮನೆ ಮುಂದೆ ನಿಲ್ಲಿಸಿ, ಬಸ್ಸು ಹತ್ತಿ ವಾಪಸ್ ಬರುತ್ತೇನೆ. ಆಮೇಲೆ ಕಾಯುವುದಿಲ್ಲ.